ಪವಿತ್ರ ಪ್ರತಿಮೆಗಳ ಕೈ: ನಂಜನಗೂಡು, ತಿರುಮಕೂಡಲು ನರಸೀಪುರ ಮತ್ತು ಕ್ರೈಸ್ತ ಚಿತ್ರಕಲೆ

ದೇವರು, ದೇವದೂತರು, ಸಂತರು, ಭಕ್ತರು ಇವರ ಕೈಗಳನ್ನು ಗೊತ್ತಾದ ಒಂದು ಭಂಗಿಯಲ್ಲಿ ತೋರಿಸಿ ಆ ಭಂಗಿಗೆ ಅರ್ಥ ಕಟ್ಟುವ ಪದ್ಧತಿ, ಪ್ರತಿಮೆಗೂ ಚಿತ್ರಕ್ಕೂ ಜಾಗ ಕೊಟ್ಟ ಎಲ್ಲ ಧರ್ಮಗಳ ಕಲೆಯಲ್ಲಿ ಕಂಡುಬರುತ್ತದೆ. ಭಾರತೀಯ ಶಿಲ್ಪದಲ್ಲಿ ಇದನ್ನು ಹಸ್ತ ಅಥವಾ ಮುದ್ರೆ ಎನ್ನುತ್ತಾರೆ. ಕ್ರೈಸ್ತ ಚಿತ್ರಕಲೆಯಲ್ಲಿ ಇದಕ್ಕೆಲ್ಲ ಸೇರಿ ಒಂದು ಹೆಸರಿಲ್ಲ. ಆದರೂ ಆಶೀರ್ವಾದದ ಕೈ, ಪ್ರಾರ್ಥನೆಯ ಕೈ, ತೋರುವ ಕೈ, ತೀರ್ಪಿನ ಕೈ ಎಂಬ ಬಗೆಗಳು ಶತಮಾನಗಳಿಂದ ಬಳಕೆಯಲ್ಲಿವೆ. ಕೈಪಿಡಿಗಳು ಸಾಮಾನ್ಯವಾಗಿ ಇಂಥ ಮುದ್ರೆಗೆ ಇಂಥ ಅರ್ಥ ಎಂದು ಪಟ್ಟಿ ಕೊಟ್ಟು ಮುಗಿಸುತ್ತವೆ. ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ದೇವಾಲಯ ಶಿಲ್ಪವನ್ನು ಕ್ರೈಸ್ತ ಚಿತ್ರಗಳ ಪಕ್ಕದಲ್ಲಿಟ್ಟು ನೋಡಿದಾಗ ಆ ಪಟ್ಟಿ ಸಾಲುವುದಿಲ್ಲ. ಕೈಯ ಆಕಾರ ಮೊದಲು ಹುಟ್ಟುತ್ತದೆ, ಬಹುಮಟ್ಟಿಗೆ ನಿತ್ಯದ ಬದುಕಿನಿಂದ. ಅರ್ಥ ಆಮೇಲೆ ಬಂದು ಸೇರುತ್ತದೆ. ಸೇರಿದ ಅರ್ಥವನ್ನು ಹಿಡಿದು ನಿಲ್ಲಿಸುವುದು ಗ್ರಂಥಕ್ಕಿಂತ ಹೆಚ್ಚಾಗಿ ಆ ಪ್ರತಿಮೆ ಇರುವ ಸ್ಥಳ ಮತ್ತು ಅದರ ಮುಂದೆ ನಡೆಯುವ ಆರಾಧನೆ. ಈ ಲೇಖನದ ವಾದ ಇಷ್ಟು.

ಇದಕ್ಕೆ ಎಲ್ಲಕ್ಕಿಂತ ಬಲವಾದ ಸಾಕ್ಷಿ ನರಸೀಪುರದ ಗುಂಜಾ ನರಸಿಂಹಸ್ವಾಮಿ. ಕಾವೇರಿಯೂ ಕಪಿಲೆಯೂ ಇಲ್ಲಿ ಕೂಡುತ್ತವೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಭಕ್ತರು ಇದನ್ನು ತ್ರಿವೇಣಿ ಸಂಗಮವೆಂದು ಎಣಿಸುತ್ತಾರೆ. 1989ರಿಂದ ಇಲ್ಲಿ ಕುಂಭಮೇಳವೂ ನಡೆದುಬಂದಿದೆ. ಸಂಗಮದ ಒಂದು ದಡದಲ್ಲಿ ಅಗಸ್ತ್ಯೇಶ್ವರ, ಇನ್ನೊಂದು ಕಡೆ ನರಸಿಂಹ. ಆ ನರಸಿಂಹನ ಬೆರಳುಗಳ ನಡುವೆ ಇರುವುದು ಒಂದು ಗುಲಗಂಜಿ. ಸ್ಥಳಕಥೆ ಹೀಗಿದೆ: ಅಗಸನೊಬ್ಬನ ಕನಸಿನಲ್ಲಿ ಸ್ವಾಮಿ ಕಾಣಿಸಿಕೊಂಡು, ನೀನು ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ನಾನಿದ್ದೇನೆ, ಎತ್ತಿ ಗುಡಿ ಕಟ್ಟು ಎಂದ. ಅಗಸನಿಗೆ ಕಾಶಿಗೆ ಹೋಗಿ ಪಾಪ ಕಳೆದುಕೊಳ್ಳುವ ಆಸೆ. ಹೋಗಬೇಕಾಗಿಲ್ಲ, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂದ ಸ್ವಾಮಿ. ಹೀಗೆ ಆ ಕೈಗೆ ಅರ್ಥ ಬಂತು. ನರಸಿಂಹನ ಉಗ್ರ, ಯೋಗ, ಲಕ್ಷ್ಮೀ ಮೊದಲಾದ ರೂಪಗಳನ್ನು ಆಗಮಗಳು ವಿವರವಾಗಿ ಹೇಳುತ್ತವೆ. ಗುಲಗಂಜಿಯ ಅರ್ಥವನ್ನು ಕೊಟ್ಟದ್ದು ಮಾತ್ರ ಈ ನದಿದಡದ ಕಥೆ. ಆ ಕಥೆಯ ಹಿಂದೆ ಒಂದು ಕಸುಬೂ ಇದೆ. ಅಕ್ಕಸಾಲಿಗರು ಚಿನ್ನ ತೂಗಲು ಗುಲಗಂಜಿಯನ್ನು ತೂಕದ ಬಟ್ಟಾಗಿ ಬಳಸುತ್ತಿದ್ದರು. ತಕ್ಕಡಿಯ ಮುಳ್ಳು ಯಾವ ಕಡೆಗೆ ಬಾಗಬೇಕೆಂಬುದನ್ನು ಕೊನೆಗೆ ನಿರ್ಧರಿಸುತ್ತಿದ್ದದ್ದು ಬೆರಳ ತುದಿಯಲ್ಲಿ ಹಿಡಿದಿಟ್ಟ ಆ ಕೆಂಪು ಬೀಜ. ನರಸಿಂಹನ ಬೆರಳುಗಳು ಕ್ಷೇತ್ರ ಕ್ಷೇತ್ರಗಳನ್ನು ತೂಗುತ್ತಿವೆ. ಚಿನ್ನದ ಅಂಗಡಿಯಲ್ಲಿ ಎಲ್ಲರೂ ನೋಡಿ ಬಲ್ಲ ಕೈಚಳಕ ಇಲ್ಲಿ ಮುಕ್ತಿಯ ಲೆಕ್ಕವಾಯಿತು.

ಗುಲಗಂಜಿ ಒಂದು ವಸ್ತು, ಅದನ್ನು ಹಿಡಿದ ಮಾತ್ರಕ್ಕೆ ಕೈ ಮುದ್ರೆಯಾಗುವುದಿಲ್ಲ, ಅದು ಶಂಖ ಚಕ್ರಗಳಂತೆ ಲಾಂಛನವಷ್ಟೇ ಎಂದು ಆಕ್ಷೇಪಿಸಬಹುದು. ಶಿಲ್ಪಶಾಸ್ತ್ರವೇ ಈ ಗೆರೆಯನ್ನು ಅಷ್ಟು ಕಟ್ಟುನಿಟ್ಟಾಗಿ ಎಳೆದಿಲ್ಲ. ಕಟಕ ಹಸ್ತ ಎಂಬುದನ್ನು ಗಮನಿಸಿ: ಹೆಬ್ಬೆರಳಿನ ತುದಿಯೂ ಉಳಿದ ಬೆರಳ ತುದಿಗಳೂ ಬಳೆಯಂತೆ ಬಾಗಿ ಕೂಡುತ್ತವೆ, ನಡುವೆ ಒಂದು ಕಂಡಿ ಉಳಿಯುತ್ತದೆ. ಪೂಜೆಯ ಹೊತ್ತಿಗೆ ಆ ಕಂಡಿಯಲ್ಲಿ ಹೂ ಸಿಕ್ಕಿಸುತ್ತಾರೆ. ಹೂವಿಲ್ಲದಾಗಲೂ ಅದು ಕಟಕವೇ, ಹೂ ಇಟ್ಟಾಗಲೂ ಕಟಕವೇ. ಅಂದರೆ ಕೈಯನ್ನು ಕಡೆದದ್ದೇ ಹಿಡಿಯುವುದಕ್ಕಾಗಿ. ಏನನ್ನು ಹಿಡಿಯುತ್ತದೆ ಎಂಬುದನ್ನು ಆರಾಧನೆ ತುಂಬುತ್ತದೆ. ಕ್ರೈಸ್ತ ಚಿತ್ರದಲ್ಲೂ ಹೀಗೆಯೇ. ಬೆಲ್ಜಿಯಂ ಪ್ರದೇಶದ ಚಿತ್ರಕಾರ ರೋಖೀರ್ ವಾನ್ ಡೆರ್ ವೈಡೆನ್ 15ನೆಯ ಶತಮಾನದ ನಡುವಿನಲ್ಲಿ ಫ್ರಾನ್ಸಿನ ಬೋನ್ ಊರಿನ ಆಸ್ಪತ್ರೆಗಾಗಿ ಬರೆದ ‘ಕಡೆಯ ತೀರ್ಪು’ ಚಿತ್ರದಲ್ಲಿ ಮಿಕಾಯೇಲ ದೂತ ತಕ್ಕಡಿ ಹಿಡಿದು ಆತ್ಮಗಳನ್ನು ತೂಗುತ್ತಾನೆ. ಆ ತಕ್ಕಡಿಯನ್ನು ಬೇರೆ, ಕೈಯನ್ನು ಬೇರೆ ಎಂದು ಬಿಡಿಸಿದರೆ ಎರಡೂ ಮೂಕವಾಗುತ್ತವೆ.

ವಸ್ತು ಮತ್ತು ಕೈ ಸೇರಿ ಹೇಗೆ ಮಾತಾಗುತ್ತವೆ ಎಂಬುದಕ್ಕೆ ಇದೇ ನರಸೀಪುರ ತಾಲ್ಲೂಕಿನ ಸೋಮನಾಥಪುರ ಇನ್ನೊಂದು ತುದಿಯ ಉದಾಹರಣೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ಕಾಲದಲ್ಲಿ, 1258ರಲ್ಲಿ, ಸೋಮನಾಥ ದಂಡನಾಯಕ ಪ್ರತಿಷ್ಠೆ ಮಾಡಿಸಿದ ಕೇಶವ ದೇವಾಲಯವಿದು. 2023ರಲ್ಲಿ ಬೇಲೂರು, ಹಳೇಬೀಡುಗಳೊಂದಿಗೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಕೇಶವ, ಜನಾರ್ದನ, ವೇಣುಗೋಪಾಲರ ಮೂರು ಗರ್ಭಗುಡಿಗಳು ಇಲ್ಲಿವೆ. ವಿಷ್ಣುವಿಗೆ ನಾಲ್ಕು ಕೈ, ಹಿಡಿಯಲು ಶಂಖ, ಚಕ್ರ, ಗದೆ, ಪದ್ಮ ಎಂಬ ನಾಲ್ಕು ವಸ್ತು. ಅವನ್ನು ಕೈಯಿಂದ ಕೈಗೆ ಬದಲಿಸಿದರೆ ಇಪ್ಪತ್ತನಾಲ್ಕು ಜೋಡಣೆಗಳಾಗುತ್ತವೆ. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವ, ನಾರಾಯಣ, ಮಾಧವ ಮೊದಲಾದ ಇಪ್ಪತ್ತನಾಲ್ಕು ಹೆಸರುಗಳು ಒಂದೊಂದು ಜೋಡಣೆಗೆ ಒಂದೊಂದು. ಮುಖ, ಕಿರೀಟ, ನಿಲುವು ಒಂದೇ. ಕೈಗಳ ಕ್ರಮ ಬದಲಾದರೆ ದೇವರ ಹೆಸರೇ ಬದಲು. ಶಾಸ್ತ್ರವೇ ಎಲ್ಲವನ್ನೂ ನಿಗದಿ ಮಾಡುತ್ತದೆ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಆಧಾರ ಸಿಗದು. ಆದರೆ ಪುರಾಣಗಳೂ ಶಿಲ್ಪಗ್ರಂಥಗಳೂ ಕೊಡುವ ಕ್ರಮ ಒಂದೇ ಅಲ್ಲ. ಅಗ್ನಿಪುರಾಣ, ಪದ್ಮಪುರಾಣ, ರೂಪಮಂಡನಗಳನ್ನು ಹೋಲಿಸಿದರೆ ಕೆಲವು ಮೂರ್ತಿಗಳ ಹೆಸರು ಅದಲುಬದಲಾಗುತ್ತದೆ. ಹಾಗಾಗಿ ಗೋಡೆಯ ಮೇಲಿನ ಮೂರ್ತಿ ಯಾವುದೆಂದು ಕೇಳಿದಾಗ, ಯಾವ ಗ್ರಂಥ, ಯಾವ ದೇವಾಲಯ, ಯಾರ ಪರಂಪರೆ ಎಂದು ಮರುಪ್ರಶ್ನೆ ಹಾಕದೆ ಉತ್ತರ ಕೊಡಲಾಗದು. ಅತ್ಯಂತ ಬಿಗಿಯಾದ ನಿಯಮವೂ ಸ್ಥಳದ ಸಾಕ್ಷಿ ಕೇಳುತ್ತದೆ.

ಆಕಾರ ಮೊದಲು, ಅರ್ಥ ಆಮೇಲೆ ಎಂಬ ಮಾತಿಗೆ ಕ್ರೈಸ್ತ ಕಲೆಯಲ್ಲಿ ದೊರೆಯುವ ಆಧಾರ ಇನ್ನೂ ಸ್ಪಷ್ಟ. ಯೇಸುವಿನ ಬಲಗೈ ಮೇಲೆದ್ದು, ತೋರುಬೆರಳೂ ನಡುಬೆರಳೂ ನೀಡಿ, ಉಂಗುರಬೆರಳೂ ಕಿರುಬೆರಳೂ ಮಡಿಚಿರುವ ಚಿತ್ರವನ್ನು ನೋಡದವರು ಕಡಿಮೆ. ಪಶ್ಚಿಮದ ಸಂಪ್ರದಾಯದಲ್ಲಿ ಹೆಬ್ಬೆರಳು ಸೇರಿ ಚಾಚಿದ ಮೂರು ಬೆರಳು ತ್ರಿಯೇಕ ದೇವರನ್ನೂ ಮಡಿಚಿದ ಎರಡು ಬೆರಳು ಕ್ರಿಸ್ತನ ದೈವ-ಮಾನವ ಸ್ವಭಾವಗಳನ್ನೂ ಸೂಚಿಸುತ್ತವೆ ಎನ್ನುತ್ತಾರೆ. ಗ್ರೀಕ್ ಸಂಪ್ರದಾಯದ ವಿವರಣೆ ಬೇರೆ. 18ನೆಯ ಶತಮಾನದಲ್ಲಿ ಆಥೋಸ್ ಪರ್ವತದ ಸನ್ಯಾಸಿ ಫೂರ್ನಾದ ದಿಯೊನೀಸಿಯೋಸ್ ಚಿತ್ರಕಾರರಿಗಾಗಿ ಬರೆದ ಕೈಪಿಡಿಯ ಪ್ರಕಾರ ಬೆರಳುಗಳು ಯೇಸು ಕ್ರಿಸ್ತ ಎಂಬ ಹೆಸರಿನ ಗ್ರೀಕ್ ಸಂಕ್ಷೇಪಾಕ್ಷರಗಳನ್ನು ಬರೆಯುತ್ತವೆ. ಸೃಷ್ಟಿಕರ್ತನು ಮನುಷ್ಯನ ಬೆರಳುಗಳನ್ನು ಉದ್ದ ಗಿಡ್ಡವಾಗಿ ರಚಿಸಿದ್ದೇ ಈ ಹೆಸರು ಮೂಡಲೆಂದು. ನಂಬಿಕೆಯ ಚೆಲುವಾದ ಕಾಣ್ಕೆ ಅದು. ಆದರೆ ಆ ಕೈ ದಿಯೊನೀಸಿಯೋಸ್‌ಗಿಂತ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು, ಕ್ರೈಸ್ತ ಧರ್ಮದ ಹೊರಗೂ ಇದ್ದದ್ದು. ರೋಮಿನ ವಾಗ್ಮಿಗಳು ಮಾತು ಶುರುಮಾಡುವಾಗ ಬಲಗೈಯೆತ್ತಿ ಕೆಲವು ಬೆರಳು ಮಡಿಚಿ ಕೆಲವು ಚಾಚುತ್ತಿದ್ದರು. ಒಂದನೆಯ ಶತಮಾನದ ಕ್ವಿಂಟಿಲಿಯನ್ ಭಾಷಣಕಲೆಯ ತನ್ನ ಗ್ರಂಥದಲ್ಲಿ ಇಂಥ ಹಸ್ತಗಳನ್ನು ಒಂದೊಂದಾಗಿ ವಿವರಿಸುತ್ತಾನೆ. ಎರಡನೆಯ ಶತಮಾನದ ಅಪುಲೇಯಸ್ ತನ್ನ ಕಥೆಯ ಪಾತ್ರವೊಂದು ವಾಗ್ಮಿಯಂತೆ ಬೆರಳು ಜೋಡಿಸಿಕೊಂಡು ಕಥೆ ಹೇಳತೊಡಗಿದ್ದನ್ನು ಚಿತ್ರಿಸುತ್ತಾನೆ. ಆ ಕೈಯ ಮೊದಲ ಅರ್ಥ ‘ನಾನು ಮಾತಾಡುತ್ತಿದ್ದೇನೆ, ಕೇಳಿ’. ಮಂಗಳವಾರ್ತೆಯ ಎಷ್ಟೋ ಚಿತ್ರಗಳಲ್ಲಿ ಗಬ್ರಿಯೇಲ ದೂತನಿಗೂ ಇದೇ ಕೈ ಇರುವುದು ಅದಕ್ಕೇ: ಅವನು ಮಾತೆ ಮರಿಯಳನ್ನು ಹರಸುತ್ತಿಲ್ಲ, ಸುದ್ದಿ ಹೇಳುತ್ತಿದ್ದಾನೆ. ಬೋಧಿಸುವ ಗುರುವಿನ ಕೈ, ಆ ಗುರುವಿನ ಮುಂದೆ ಜನ ತಲೆಬಾಗಿದಾಗ, ಹರಸುವ ಕೈಯಾಯಿತು.

ಒಮ್ಮೆ ಸೇರಿದ ಅರ್ಥವನ್ನು ಸಮುದಾಯ ಎಷ್ಟು ಬಿಗಿಯಾಗಿ ಹಿಡಿಯಬಲ್ಲದು ಎಂಬುದಕ್ಕೆ 17ನೆಯ ಶತಮಾನದ ರಷ್ಯಾ ಸಾಕ್ಷಿ. 1653ರಲ್ಲಿ ಅಲ್ಲಿನ ಆರ್ಥಡಾಕ್ಸ್ ಧರ್ಮಸಭೆಯ ಮುಖ್ಯಸ್ಥ ನಿಕೋನ್ ಎರಡು ಬೆರಳಿನಿಂದ ಶಿಲುಬೆ ಗುರುತು ಹಾಕುವ ರೂಢಿ ಬಿಟ್ಟು ಮೂರು ಬೆರಳಿನಿಂದ ಹಾಕಬೇಕೆಂದು ಆಜ್ಞೆ ಮಾಡಿದ. ಒಪ್ಪದವರು ಸೆರೆ, ಗಡೀಪಾರು, ಸಾವು ಎಲ್ಲವನ್ನೂ ಕಂಡರು. ವಸೀಲಿ ಸುರಿಕೋವ್ 1887ರಲ್ಲಿ ಬರೆದ ಹೆಸರಾಂತ ಚಿತ್ರದಲ್ಲಿ ಮೊರೊಜೊವಾ ಎಂಬ ಶ್ರೀಮಂತ ಮಹಿಳೆಯನ್ನು ಸರಪಳಿ ಬಿಗಿದು ಹಿಮಗಾಡಿಯಲ್ಲಿ ಒಯ್ಯುತ್ತಿದ್ದಾರೆ. ಅವಳ ಎತ್ತಿದ ಕೈಯಲ್ಲಿ ಎರಡೇ ಬೆರಳು. ಬೇರೆ ದೇಶದವನಿಗೆ ಅದು ಯಾರನ್ನೋ ಕರೆಯುವ ಕೈಯಂತೆ ಕಾಣಬಹುದು. ಆ ಜನಕ್ಕೆ ಅದು ಇಡೀ ಪೂರ್ವಿಕರ ಧರ್ಮ.

ಈಗ ನಂಜನಗೂಡಿಗೆ ಬರೋಣ. ಶ್ರೀಕಂಠೇಶ್ವರನ ಗರ್ಭಗುಡಿಯಲ್ಲಿರುವುದು ಲಿಂಗ, ಲಿಂಗಕ್ಕೆ ಕೈಯಿಲ್ಲ. ಇದಕ್ಕೆ ವಿರುದ್ಧವಾಗಿ, ಆದಿಕಾಲದ ಕ್ರೈಸ್ತರೂ ಯಹೂದ್ಯರೂ ತಂದೆಯಾದ ದೇವರನ್ನು ಮನುಷ್ಯರೂಪದಲ್ಲಿ ಬರೆಯಲು ಅಂಜಿ ಮೋಡದಿಂದ ಹೊರಚಾಚಿದ ಕೈಯೊಂದನ್ನಷ್ಟೇ ಬರೆದರು. ಸಿರಿಯಾದ ದುರಾ ಯೂರೋಪೋಸ್‌ನ ಮೂರನೆಯ ಶತಮಾನದ ಯಹೂದ್ಯ ಪ್ರಾರ್ಥನಾಮಂದಿರದ ಗೋಡೆಚಿತ್ರಗಳಲ್ಲಿ ಆ ಕೈ ಇದೆ. ಅಲ್ಲಿ ದೇವರಿಲ್ಲದ ಕೈ, ಇಲ್ಲಿ ಕೈಯಿಲ್ಲದ ದೇವರು. ಲಿಂಗ ಹೇಳದೆ ಉಳಿಸಿದ್ದನ್ನು ನಂಜನಗೂಡಿನಲ್ಲಿ ಪ್ರಾಕಾರ ಹೇಳುತ್ತದೆ. ಮೂರನೆಯ ಕೃಷ್ಣರಾಜ ಒಡೆಯರ ಕಾಲದಲ್ಲಿ ಈ ದೇವಾಲಯ ಬಹಳವಾಗಿ ಬೆಳೆಯಿತು. ಒಂಬತ್ತು ನೆಲೆಗಳ, ಸುಮಾರು 120 ಅಡಿ ಎತ್ತರದ ಮಹಾದ್ವಾರ ಗೋಪುರವನ್ನು 1849ರಲ್ಲಿ ಅವರ ರಾಣಿ ದೇವರಾಜಮ್ಮಣ್ಣಿ ಕಟ್ಟಿಸಿದರು. ಒಳಪ್ರಾಕಾರದಲ್ಲಿ ಶಿವನ ಪಂಚವಿಂಶತಿ ಲೀಲಾಮೂರ್ತಿಗಳೂ ಪುರಾತನರೆಂದು ಕರೆಯುವ ಅರವತ್ತಮೂವರು ಶಿವಭಕ್ತರ ವಿಗ್ರಹಗಳೂ ಸಾಲುಗೊಂಡಿವೆ. ಶಿವನ ಕೈಗಳ ವೈವಿಧ್ಯವನ್ನೆಲ್ಲ ಅರಿಯಲು ಲೀಲಾಮೂರ್ತಿಗಳಿಗಿಂತ ಒಳ್ಳೆಯ ಪಾಠವಿಲ್ಲ. ಭಿಕ್ಷಾಟನಮೂರ್ತಿಯ ಒಂದು ಕೈ ಜಿಂಕೆಯ ಬಾಯಿಗೆ ಹುಲ್ಲು ಹಿಡಿಯುವ ಕಟಕವೆಂದು ಲಕ್ಷಣಗ್ರಂಥಗಳು ಹೇಳುತ್ತವೆ. ತಾಂಡವಮೂರ್ತಿಯ ಒಂದು ಕೈ ಅಭಯ, ಇನ್ನೊಂದು ಆನೆಯ ಸೊಂಡಿಲಿನಂತೆ ಇಳಿಬಿದ್ದು ಎತ್ತಿದ ಪಾದವನ್ನು ತೋರುತ್ತದೆ. ದಕ್ಷಿಣಾಮೂರ್ತಿಯ ಬಲಗೈಯಲ್ಲಿ ಹೆಬ್ಬೆರಳೂ ತೋರುಬೆರಳೂ ಕೂಡಿರುತ್ತವೆ, ಉಳಿದ ಮೂರು ನೆಟ್ಟಗಿರುತ್ತವೆ.

ಈ ಕೊನೆಯ ಎರಡು ಕೈಗಳನ್ನು ಸ್ವಲ್ಪ ನಿಂತು ನೋಡಬೇಕು. ದಕ್ಷಿಣಾಮೂರ್ತಿಯ ಕೈಯನ್ನು ಚಿನ್ಮುದ್ರೆ ಎಂದು ಕರೆದು ಜೀವ-ಬ್ರಹ್ಮರ ಐಕ್ಯವೆಂದೂ ಮೂರು ಬೆರಳು ಮೂರು ಗುಣಗಳೆಂದೂ ವೇದಾಂತಿಗಳು ಅರ್ಥ ಹೇಳುತ್ತಾರೆ. ಶಿಲ್ಪಗ್ರಂಥಗಳು ಇಂಥ ಕೈಯನ್ನು ವ್ಯಾಖ್ಯಾನ ಮುದ್ರೆ ಎಂದೂ ಕರೆಯುತ್ತವೆ: ಪಾಠ ಹೇಳುವ ಗುರುವಿನ ಕೈ. ಸೂಕ್ಷ್ಮವಾದ ಅಂಶವನ್ನು ಬಿಡಿಸಿ ಹೇಳುವಾಗ ಬೆರಳ ತುದಿಗಳು ತಾವಾಗಿ ಕೂಡುತ್ತವೆ. ಸಂಗೀತ ಪಾಠದಲ್ಲಿ, ಹರಿಕಥೆಯಲ್ಲಿ, ತರಗತಿಯಲ್ಲಿ ಇದನ್ನು ಇಂದಿಗೂ ಕಾಣಬಹುದು. ಅದ್ವೈತದ ಅರ್ಥ ಆ ಕೈಯ ಮೇಲೆ ಬಂದು ಕೂತದ್ದು. ತಾಂಡವದ ವಿಷಯದಲ್ಲಿ ಕಾಲಕ್ರಮವೇ ಸಿಗುತ್ತದೆ. ಡಮರು ಸೃಷ್ಟಿ, ಅಭಯಹಸ್ತ ಸ್ಥಿತಿ, ಬೆಂಕಿ ಸಂಹಾರ, ಊರಿದ ಪಾದ ತಿರೋಧಾನ, ಎತ್ತಿದ ಪಾದ ಅನುಗ್ರಹ ಎಂಬ ಪ್ರಸಿದ್ಧ ವಿವರಣೆಯನ್ನು ಅಂಗ ಅಂಗವಾಗಿ ಹೇಳುವ ತಮಿಳು ಶೈವಸಿದ್ಧಾಂತ ಗ್ರಂಥ ಉಣ್ಮೈ ವಿಳಕ್ಕಂ 13ನೆಯ ಶತಮಾನದ್ದು. ಚೋಳರ ನಟರಾಜ ಕಂಚುಗಳು ಅದಕ್ಕಿಂತ ಶತಮಾನಗಳ ಮೊದಲೇ ಎರಕಗೊಂಡಿದ್ದವು. ಕುಣಿತದ ಕೈ ಮೊದಲು, ಪಂಚಕೃತ್ಯದ ಈ ಪೂರ್ಣ ಪಾಠ ಆಮೇಲೆ. ಆಮೇಲೆ ಬಂದದ್ದೆಂಬ ಕಾರಣಕ್ಕೆ ಆ ಅರ್ಥ ಸುಳ್ಳೆಂದು ಭಾವಿಸಬಾರದು. ಈಗ ಆ ಮೂರ್ತಿಯನ್ನು ಬೇರೆ ರೀತಿಯಲ್ಲಿ ನೋಡುವುದೇ ಭಕ್ತರಿಗೆ ಸಾಧ್ಯವಿಲ್ಲದಷ್ಟು ಅದು ನಿಜವಾಗಿದೆ.

ದಕ್ಷಿಣಾಮೂರ್ತಿಯೂ ಕ್ರಿಸ್ತನೂ ಇಷ್ಟು ಹತ್ತಿರವಿರುವಾಗ ಒಂದು ಇನ್ನೊಂದರಿಂದ ಬಂದಿರಬೇಕು ಎಂದು ಕೆಲವರು ಉತ್ಸಾಹದಿಂದ ಹೇಳುವುದುಂಟು: ಯೇಸುವಿನ ಕೈ ಭಾರತದ ಮುದ್ರೆಯೇ, ಅಥವಾ ನಮ್ಮ ಅಭಯಹಸ್ತ ರೋಮನ್ ಚಕ್ರವರ್ತಿಗಳ ಎತ್ತಿದ ಕೈಯೇ ಎಂದು. ಹೋಲಿಕೆಯೊಂದೇ ಸಾಲದು, ದಾರಿ ತೋರಿಸಬೇಕು. ಕ್ರಿಸ್ತನ ಕೈಗೆ ರೋಮಿನ ವಾಗ್ಮಿಗಳ ಕಡೆಯಿಂದ ದಾರಿ ಇದೆ, ಬರಹದ ಆಧಾರವೂ ಇದೆ. ಭಾರತದ ಕಡೆಯಿಂದ ದಾರಿ ಹುಡುಕುವ ಅಗತ್ಯವೇ ಬೀಳುವುದಿಲ್ಲ. ಎರಡೂ ಕಡೆ ಗುರು ಮಾತಾಡುತ್ತಾನೆ, ಮಾತಾಡುವವನ ಬೆರಳು ಆಡುತ್ತವೆ. ಸಮಾನವಾದದ್ದು ಮನುಷ್ಯದೇಹ.

ಆದರೆ ದೇಹ ಸಮಾನವಾದ ಮಾತ್ರಕ್ಕೆ ಅರ್ಥ ಸಮಾನವಾಗದು. ನಮ್ಮ ಅಸಂಖ್ಯ ಮೂರ್ತಿಗಳಲ್ಲಿ ಬಲಗೈ ಮೇಲೆದ್ದು ಅಂಗೈ ತೋರಿಸುತ್ತದೆ, ಎಡಗೈ ಕೆಳಗಿಳಿದು ಬೆರಳು ನೆಲಕ್ಕೆ ಮುಖಮಾಡುತ್ತದೆ. ಅಭಯ, ವರದ: ಹೆದರಬೇಡ, ಬೇಡಿದ್ದನ್ನು ತಗೋ. ಬೋನ್ ಊರಿನ ತೀರ್ಪಿನ ಚಿತ್ರದಲ್ಲಿ ಕ್ರಿಸ್ತನ ಕೈಗಳೂ ಹೀಗೆಯೇ, ಬಲಗೈ ಮೇಲೆ, ಎಡಗೈ ಕೆಳಗೆ. ಅಲ್ಲಿ ಮೇಲೆದ್ದ ಕೈ ಪುಣ್ಯವಂತರನ್ನು ಸ್ವರ್ಗಕ್ಕೆ ಕರೆಯುತ್ತದೆ. ಇಳಿದ ಕೈ ಪಾಪಿಗಳನ್ನು ನರಕಕ್ಕೆ ದೂಡುತ್ತದೆ. ನಂಜನಗೂಡಿನ ಭಕ್ತರೊಬ್ಬರು ಆ ಚಿತ್ರವನ್ನು ನೋಡಿದರೆ ಶಾಪದ ಕೈಯನ್ನು ವರದ ಕೈಯೆಂದು ಓದಿಕೊಂಡಾರು. ಹಾಗಾದರೆ ಯಾವ ಕೈಗೆ ಯಾವ ಅರ್ಥವನ್ನಾದರೂ ಕೊಡಬಹುದೇ, ಎಲ್ಲವೂ ನೋಡುವವರ ಇಷ್ಟವೇ? ಇದು ಈ ವಾದಕ್ಕೆ ಬರಬಹುದಾದ ಅತಿ ಗಂಭೀರ ಆಕ್ಷೇಪ. ಆಕಾರಕ್ಕೂ ತನ್ನ ಹಿಡಿತವಿದೆ ಎಂಬುದೇ ಇದಕ್ಕೆ ಉತ್ತರ. ತೆರೆದು ತೋರಿಸಿದ ಬರಿಗೈಯಲ್ಲಿ ಆಯುಧವಿಲ್ಲ. ಅದರಿಂದ ಶಾಂತಿಯ ಅರ್ಥ ಸುಲಭ, ಹೊಡೆತದ ಅರ್ಥ ಕಷ್ಟ. ಚಾಚಿದ ತೋರುಬೆರಳು ಗಮನವನ್ನು ತನ್ನಿಂದಾಚೆಗೆ ಒಯ್ಯುತ್ತದೆ. ತಾಂಡವಮೂರ್ತಿಯ ಇಳಿಗೈ ಪಾದವನ್ನು ತೋರುತ್ತದೆ; 16ನೆಯ ಶತಮಾನದ ಆರಂಭದಲ್ಲಿ ಗ್ರೂನೆವಾಲ್ಟ್ ಬರೆದ ಈಸೆನ್‌ಹೈಮ್ ಪೀಠಚಿತ್ರದಲ್ಲಿ ಸ್ನಾನಿಕ ಯೊವಾನ್ನನ ಅಳತೆಮೀರಿದ ಬೆರಳು ಶಿಲುಬೆಯ ಮೇಲಿನ ಯೇಸುವನ್ನು ತೋರುತ್ತದೆ. ಆಕಾರ ಒಂದು ಎಲ್ಲೆ ಹಾಕುತ್ತದೆ, ಆ ಎಲ್ಲೆಯೊಳಗೆ ಆರಾಧನೆ ಆರಿಸುತ್ತದೆ. ಆರಿಸಿದ್ದನ್ನು ಜನಕ್ಕೆ ಕಲಿಸಿಕೊಡಲೂ ಬೇಕು. 15ನೆಯ ಶತಮಾನದ ಇಟಲಿಯಲ್ಲಿ ಲೆಚ್ಚೆಯ ರೊಬೆರ್ತೊ ಎಂಬ ಪ್ರಬೋಧಕ ಮಂಗಳವಾರ್ತೆಯ ವೇಳೆ ಮರಿಯಳ ಮನಸ್ಸು ಕಳವಳ, ಆಲೋಚನೆ, ಪ್ರಶ್ನೆ, ಶರಣಾಗತಿ, ಧನ್ಯತೆ ಎಂಬ ಐದು ಹಂತ ದಾಟಿತೆಂದು ಬೋಧಿಸುತ್ತಿದ್ದ. ಅಂಥ ಬೋಧನೆ ಕೇಳಿದವರಿಗೆ ಫ್ರಾ ಆಂಜೆಲಿಕೋ ಎದೆಯ ಮೇಲೆ ಅಡ್ಡಲಾಗಿ ಇಡಿಸಿದ ಮರಿಯಳ ಕೈಗಳಲ್ಲಿ ಶರಣಾಗತಿಯನ್ನು ಗುರುತಿಸುವುದು ಸುಲಭವಾಗಿತ್ತೆಂದು ಮೈಕೆಲ್ ಬ್ಯಾಕ್ಸಂಡಾಲ್ 1972ರ ತಮ್ಮ ಅಧ್ಯಯನದಲ್ಲಿ ತೋರಿಸಿಕೊಟ್ಟರು.

ಕರ್ನಾಟಕದಲ್ಲಿ ಯುರೋಪಿನ ಈ ಕೈಗಳು ದೊಡ್ಡ ಪ್ರಮಾಣದಲ್ಲಿ ನೆಲೆಗೊಂಡದ್ದು ಮಂಗಳೂರಿನ ಸಂತ ಅಲೋಶಿಯಸ್ ಪ್ರಾರ್ಥನಾಲಯದಲ್ಲಿ. ಇಟಲಿಯ ಬೆರ್ಗಾಮೊ ಸೀಮೆಯ ಯೇಸುಸಭೆಯ ಸಹೋದರ ಆಂತೋನಿಯೊ ಮೊಸ್ಕೇನಿ 1899ರಿಂದ ಅದರ ಗೋಡೆ ಚಾವಣಿಗಳನ್ನು ತುಂಬಿದರು. ಸಂತನ ಬಾಳಿನ ಪ್ರಸಂಗಗಳು, ಪ್ರೇಷಿತರು, ಮಕ್ಕಳ ನಡುವಿನ ಯೇಸು ಅಲ್ಲಿದ್ದಾರೆ. ನಂಜನಗೂಡಿಗೂ ನರಸೀಪುರಕ್ಕೂ ಹತ್ತಿರದ ದೊಡ್ಡ ನಿದರ್ಶನ ಮೈಸೂರಿನ ಸಂತ ಫಿಲೋಮಿನಾ ಪ್ರಧಾನಾಲಯ. ನಾಲ್ವಡಿ ಕೃಷ್ಣರಾಜ ಒಡೆಯರು 1933ರಲ್ಲಿ ಅಡಿಗಲ್ಲು ಹಾಕಿದ ಈ ದೇವಾಲಯದ ಬಣ್ಣದ ಗಾಜಿನ ಕಿಟಕಿಗಳಲ್ಲಿ ಯೇಸುವಿನ ಜನನ, ಕಡೆಯ ಭೋಜನ, ಶಿಲುಬೆಯ ಮರಣ, ಪುನರುತ್ಥಾನಗಳಿವೆ. ಮನೆಮನೆಯ ಗೋಡೆಗಳಲ್ಲಿ ಇವೆರಡಕ್ಕಿಂತ ಹೆಚ್ಚು ಹರಡಿರುವುದು ಪವಿತ್ರ ಹೃದಯದ ಅಚ್ಚುಚಿತ್ರ: ಒಂದು ಕೈ ಹರಸಲು ಎತ್ತಿದೆ, ಮೊಳೆಯ ಗಾಯವಿರುವ ಇನ್ನೊಂದು ಕೈ ಎದೆಯ ಹೃದಯವನ್ನು ತೋರುತ್ತದೆ. ಮೈಸೂರು ಸೀಮೆಯಲ್ಲಿ ಈ ಚಿತ್ರ ತೂಗುವ ಮನೆಗಳ ಪಕ್ಕದ ಮನೆಗಳಲ್ಲಿ ಅಭಯಹಸ್ತದ ದೇವರ ಪಟಗಳಿರುತ್ತವೆ. ಎತ್ತಿದ ಕೈಯನ್ನು ಹೆದರಬೇಡ ಎಂದು ಓದುವ ಅಭ್ಯಾಸ ಇಲ್ಲಿ ಇಡೀ ಊರಿನದು. ರೋಮಿನ ವಾಗ್ಮಿಯ ಕೈ ಇಲ್ಲಿನ ಕಣ್ಣುಗಳಲ್ಲಿ ಅಭಯವೂ ಆಗುವುದು ಸಹಜ.

ನಂಜನಗೂಡಿನ ಪುರಾತನರ ಸಾಲಿನಲ್ಲಿ ಪ್ರಧಾನವಾಗಿರುವುದು ಅಂಜಲಿ, ಕೈಮುಗಿದ ಭಕ್ತಿ. ಕ್ರೈಸ್ತರೂ ಕೈಮುಗಿಯುತ್ತಾರೆ, ಆದರೆ ಮೊದಲಿನಿಂದಲ್ಲ. ರೋಮಿನ ನೆಲಮಾಳಿಗೆಯ ಸಮಾಧಿಗಳಲ್ಲಿ ಪ್ರಾರ್ಥಿಸುವವರು ಎರಡೂ ಕೈಗಳನ್ನು ಬಿಚ್ಚಿ ಮೇಲಕ್ಕೆತ್ತಿದ್ದಾರೆ. ಅದು ರೋಮನ್ನರ ಭಕ್ತಿಭಂಗಿ, ಅವರ ನಾಣ್ಯಗಳ ಮೇಲೂ ಇತ್ತು. ಅಂಗೈ ಜೋಡಿಸುವ ರೂಢಿ ಮಧ್ಯಯುಗದಲ್ಲಿ ಬೆಳೆಯಿತು. ಸಾಮಂತನು ಒಡೆಯನ ಮುಂದೆ ಮಂಡಿಯೂರಿ ಜೋಡಿಸಿದ ಕೈಗಳನ್ನು ಅವನ ಕೈಗಳೊಳಗಿಟ್ಟು ನಿಷ್ಠೆ ಒಪ್ಪಿಸುತ್ತಿದ್ದ ಸಂಪ್ರದಾಯವೇ ಇದರ ಮೂಲವೆಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಈ ಚರಿತ್ರೆ ಭಾರತದಲ್ಲಿ ಒಂದು ನಿಜವಾದ ವಿವಾದಕ್ಕೆ ಬೆಳಕು ಕೊಡುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರು ಕೇಳಿಕೊಂಡಂತೆ ರೋಮ್ 1969ರ ಏಪ್ರಿಲ್‌ನಲ್ಲಿ ಪೂಜಾವಿಧಿಯ ಹನ್ನೆರಡು ಮಾರ್ಪಾಡುಗಳಿಗೆ ಒಪ್ಪಿಗೆ ಕೊಟ್ಟಿತು. ಮಂಡಿಯೂರುವ ಬದಲು ಅಂಜಲಿಹಸ್ತದಿಂದ ಬಾಗುವುದು, ಶಾಂತಿಯನ್ನು ಅಂಜಲಿಯಿಂದಲೇ ಹಂಚಿಕೊಳ್ಳುವುದು, ಪಂಚಾಂಗ ಪ್ರಣಾಮ, ಆರತಿ ಅವುಗಳಲ್ಲಿ ಸೇರಿದ್ದವು. ಇದರ ಹಿಂದೆ ದುಡಿದವರಲ್ಲಿ ಮುಖ್ಯರು ಡಿ. ಎಸ್. ಅಮಲೋರ್ಪವದಾಸ್. 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮಬೋಧೆ ಮತ್ತು ಆರಾಧನಾವಿಧಿಯ ರಾಷ್ಟ್ರೀಯ ಕೇಂದ್ರವನ್ನು ಆರಂಭಿಸಿದ ಅವರು ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ಪೀಠ ಕಟ್ಟಿದರು, ಮೈಸೂರಿನಲ್ಲಿ ಸ್ಥಾಪಿಸಿದ ಆಶ್ರಮಕ್ಕೆ ಅಂಜಲಿ ಎಂದೇ ಹೆಸರಿಟ್ಟರು. ಬೆಂಗಳೂರಿನ ಬಳಿಯ ಸಿಲ್ವೇಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಕ್ರಿಸ್ತನ ಚಿತ್ರಕ್ಕೇ ಭಾರತೀಯ ಭಂಗಿಗಳನ್ನು ತಂದರು.

ಕ್ರೈಸ್ತರಲ್ಲೇ ಹಲವರು ಇದನ್ನು ವಿರೋಧಿಸಿದರು. ಅಂಜಲಿ, ಆರತಿಗಳು ಹಿಂದೂಗಳವು, ಅವನ್ನು ತಂದರೆ ನಂಬಿಕೆ ಕಲಸಿಹೋಗುತ್ತದೆ ಎಂಬುದು ಅವರ ಭಯ. ಅದನ್ನು ಹಗುರವಾಗಿ ತಳ್ಳಿಹಾಕಬಾರದು: ಹೆತ್ತವರು ಮಂಡಿಯೂರಿದ ಜಾಗದಲ್ಲಿ ಮಂಡಿಯೂರಿ ಬೆಳೆದವರಿಗೆ ಆ ಭಂಗಿಯೇ ಪ್ರಾರ್ಥನೆ, ಮೊರೊಜೊವಾಗೆ ಎರಡು ಬೆರಳು ಹೇಗೋ ಹಾಗೆ. ಆದರೆ ಮಂಡಿಯೂರುವುದು, ಕೈ ಜೋಡಿಸುವುದು, ಎರಡು ಬೆರಳೆತ್ತಿ ಹರಸುವುದು ಇವು ಯಾವುವೂ ಕ್ರೈಸ್ತಧರ್ಮದೊಡನೆ ಹುಟ್ಟಿದವಲ್ಲ. ರೋಮಿನ ವಾಗ್ಮಿಗಳ ಸಭೆಯಿಂದ, ಸಾಮಂತರ ಆಸ್ಥಾನದಿಂದ ಬಂದು, ಆರಾಧನೆಯಲ್ಲಿ ನೆನೆದು ಕ್ರೈಸ್ತವಾದವು. ಅಗಸನ ಕಲ್ಲಿನ ಕೆಳಗಿನಿಂದ ಎದ್ದ ನರಸಿಂಹನ ಬೆರಳಿಗೆ ಅಕ್ಕಸಾಲಿಯ ಬೀಜ ಬಂದು ಸೇರಿದ ದಾರಿಯೇ ಇದು. ಕಪಿಲೆಯ ದಡದಲ್ಲಿ ದೊಡ್ಡವರನ್ನು ಕಂಡಾಗ, ಬಿತ್ತುವ ಮೊದಲು, ಹೊಳೆಗಿಳಿಯುವ ಮೊದಲು ಜನ ಕೈಮುಗಿಯುತ್ತಾರೆ. ಆ ಕೈ ಒಂದು ಮತದ ಆಸ್ತಿಯಾಗುವ ಮೊದಲೇ ಊರಿನ ನಡೆಯಾಗಿತ್ತು. ಅದಕ್ಕೆ ಕ್ರೈಸ್ತ ಅರ್ಥ ಸೇರುವುದನ್ನು ತಡೆಯುವ ಕಾರಣ ಆಕಾರದಲ್ಲೂ ಇಲ್ಲ, ಕ್ರೈಸ್ತ ಚಿತ್ರಕಲೆಯ ಚರಿತ್ರೆಯಲ್ಲೂ ಇಲ್ಲ.